ಇಂಪ್ಲಾಂಟ್ ಯಾರಿಗೆ ಸರಿ, ಯಾರಿಗೆ ಬೇಡ: ಮೂರು ತಿಂಗಳ ಸೆಟ್ಟಿನಿಂದ ನಾನು ಕಂಡುಕೊಂಡದ್ದು

ಸಾಗರದಲ್ಲಿ ನನ್ನ ದಂತ ಚಿಕಿತ್ಸಾಲಯಕ್ಕೆ ಇಂಪ್ಲಾಂಟ್ (ಹೋದ ಹಲ್ಲಿನ ಬೇರಿನ ಬದಲಿಗೆ ದವಡೆಯ ಮೂಳೆಯಲ್ಲಿ ಕೂರಿಸುವ ಲೋಹದ ತಿರುಪು) ಕೇಳಿಕೊಂಡು ಬರುವ ಯಾರಿಗೂ 2017ರಿಂದ ಈಚೆಗೆ ನಾನು ಮೊದಲ ದಿನವೇ ಒಪ್ಪಿಗೆ ಕೊಟ್ಟಿಲ್ಲ. ಬಿಚ್ಚಿ ಹಾಕುವ ಒಂದು ತಾತ್ಕಾಲಿಕ ಹಲ್ಲಿನ ಸೆಟ್ಟನ್ನು ಮಾಡಿಕೊಟ್ಟು, ಮೂರು ತಿಂಗಳು ಕಳೆದ ಮೇಲೆ ಅದನ್ನೂ ಬಾಯಿಯನ್ನೂ ಒಟ್ಟಿಗೆ ನೋಡಿ ನಿರ್ಧರಿಸುತ್ತೇನೆ. ಈ ಪದ್ಧತಿಯನ್ನು ಶುರುಮಾಡಿದಾಗ ಶಿವಮೊಗ್ಗದ ದಂತವೈದ್ಯ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ಮೂರು ತಿಂಗಳು ಕಾಯಲು ಹೇಳಿದರೆ ರೋಗಿ ಮೂರನೇ ದಿನಕ್ಕೆ ಬೇರೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಈಗ ಅವರಲ್ಲಿ ಇಬ್ಬರು ಇದೇ ಪದ್ಧತಿಯನ್ನು ಅನುಸರಿಸುತ್ತಿದ್ದಾರೆ. ಉಳಿದವರೂ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋಲಿನ ಲೆಕ್ಕವನ್ನು ಹೇಳಬೇಕು. 2012ರಿಂದ 2016ರ ಕೊನೆಯವರೆಗೆ ನಾನು ಸುಮಾರು 140 ಇಂಪ್ಲಾಂಟ್ ಇಟ್ಟಿದ್ದೆ, ಅವುಗಳಲ್ಲಿ ಹದಿನೇಳು ಹೋದವು. ಕೆಲವು ಕ್ಯಾಪ್ ಹಾಕುವ ಮುಂಚೆಯೇ, ಕೆಲವು ಎರಡು ಮೂರು ವರ್ಷಗಳ ನಂತರ ವಸಡು ಬಾತು, ಕೀವು ಬಂದು, ಮೂಳೆ ಕರಗಿ. ಆಗ ನಾನು ನಿರ್ಧರಿಸುತ್ತಿದ್ದದ್ದು ಎಕ್ಸ್-ರೇ ನೋಡಿ. ಮೂಳೆಯ ಎತ್ತರ ಹನ್ನೆರಡು ಮಿಲಿಮೀಟರ್ ಇದೆ, ಅಗಲ ಆರು ಇದೆ, ನರದಿಂದ ಎರಡು ಮಿಲಿಮೀಟರ್ ದೂರ ಸಿಗುತ್ತದೆ, ಟಾರ್ಕ್ (ತಿರುಪು ಮೂಳೆಯಲ್ಲಿ ಕೂರುವ ಬಿಗಿ) 35 ನ್ಯೂಟನ್-ಸೆಂಟಿಮೀಟರ್ ಬಂದರೆ ಸಾಕು, ಇಟ್ಟುಬಿಡೋಣ. ಮೂಳೆಯನ್ನು ಅಳೆಯುತ್ತಿದ್ದೆ, ಆ ಮೂಳೆ ಯಾರ ಬಾಯಲ್ಲಿದೆ ಎಂಬುದನ್ನು ಅಳೆಯುತ್ತಿರಲಿಲ್ಲ.

ಹದಿನೇಳರಲ್ಲಿ ಒಂದನ್ನು ಇವತ್ತಿಗೂ ಮರೆತಿಲ್ಲ. ಐವತ್ತೆಂಟರ ಆಸುಪಾಸಿನ ಅಡಿಕೆ ಬೆಳೆಗಾರರು, ಮೇಲ್ದವಡೆಯ ಮೊದಲ ದವಡೆ ಹಲ್ಲಿನ ಜಾಗ. ನಾಲ್ಕು ತಿಂಗಳ ನಂತರ ಹೀಲಿಂಗ್ ಕ್ಯಾಪನ್ನು (ವಸಡು ಮಾಗುವವರೆಗೆ ಇಂಪ್ಲಾಂಟಿನ ಮೇಲೆ ಇಡುವ ಮುಚ್ಚಳ) ಬಿಚ್ಚಲು ಡ್ರೈವರ್ ತಿರುಗಿಸಿದಾಗ ಕ್ಯಾಪಿನ ಜೊತೆ ಇಂಪ್ಲಾಂಟೇ ತಿರುಗಿತು. ನೋವಿಲ್ಲ, ರಕ್ತವಿಲ್ಲ, ಎರಡು ಬೆರಳಿನಲ್ಲಿ ಬಂದುಬಿಟ್ಟಿತು. ಅದರ ತಿರುಪಿನ ಎಳೆಗಳಿಗೆ ಮೂಳೆಯ ಚೂರೂ ಅಂಟಿರಲಿಲ್ಲ, ಮೆತ್ತನೆಯ ಪೊರೆಯೊಂದು ಸುತ್ತಿಕೊಂಡಿತ್ತು. ಸಕ್ಕರೆ ಹತೋಟಿಯಲ್ಲಿದೆ ಎಂದು ಅವರು ಹೇಳಿದ್ದರು, ನಾನು ನಂಬಿದ್ದೆ. ಆಮೇಲೆ ಮಾಡಿಸಿದ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸಕ್ಕರೆಯ ಮಟ್ಟ ಹೇಳುವ ರಕ್ತ ಪರೀಕ್ಷೆ) ಒಂಬತ್ತರ ಮೇಲಿತ್ತು. ಎಲೆ ಅಡಿಕೆಯನ್ನು ಊಟದ ನಂತರ ಮಾತ್ರ ಹಾಕುತ್ತೇನೆ ಎಂದಿದ್ದರು; ಹೊಗೆಸೊಪ್ಪಿನ ಜೊತೆ ದಿನಕ್ಕೆ ಏಳೆಂಟು ಸಲ ಎಂಬುದು ಅವರ ಪತ್ನಿಯಿಂದ ತಿಳಿಯಿತು.

ಹಣದ ಮಾತೂ ಬರಬೇಕು. ಒಂದು ಇಂಪ್ಲಾಂಟಿಗೆ ಆಗ ನಾನು 25,000 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಅದು ಸೋತರೆ ಎರಡನೆಯದನ್ನು ನನ್ನ ಖರ್ಚಿನಲ್ಲಿ ಇಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ಇಂಪ್ಲಾಂಟಿನ ಬೆಲೆ ಏಳೆಂಟು ಸಾವಿರ, ಮೂಳೆ ಕಡಿಮೆಯಿದ್ದಲ್ಲಿ ತುಂಬುವ ಮೂಳೆ ಪುಡಿ ಮತ್ತು ಅದನ್ನು ಮುಚ್ಚುವ ಪೊರೆಗೆ ಮತ್ತೆ ಆರೇಳು ಸಾವಿರ, ಕುರ್ಚಿಯ ಸಮಯ ಬೇರೆ. ಹದಿನೇಳು ಸೋಲಿಗೆ ನಾನು ಕೈಯಿಂದ ಕಳೆದುಕೊಂಡದ್ದು ಮೂರು ಲಕ್ಷಕ್ಕೆ ಕಡಿಮೆಯಿಲ್ಲ. ಮೂಳೆ ಕೊರೆಯುವ ಇಂಪ್ಲಾಂಟ್ ಮೋಟರಿಗೆಂದು ತೆಗೆದಿದ್ದ ಸಾಲದ ಕಂತು ಆಗಿನ್ನೂ ನಡೆಯುತ್ತಿತ್ತು.

ಸೆಟ್ಟಿನ ಯೋಚನೆ ಹೊಳೆದದ್ದು ಆಕಸ್ಮಿಕವಾಗಿ. ಹಲ್ಲು ಕಿತ್ತ ಜಾಗ ಮಾಗುವವರೆಗೆ ಇರಲೆಂದು ಒಬ್ಬರಿಗೆ ಅಕ್ರಿಲಿಕ್ (ಪ್ಲಾಸ್ಟಿಕ್) ಸೆಟ್ ಕೊಟ್ಟಿದ್ದೆ. ಮೂರು ತಿಂಗಳ ನಂತರ ಅವರು ಅದನ್ನು ನನ್ನ ಅಂಗೈ ಮೇಲೆ ಇಟ್ಟಾಗ ಒಳಮೈಯಲ್ಲಿ ಸುಣ್ಣದ ಬಿಳಿ ಪದರವೂ ಅದರ ಮೇಲೆ ಕೆಂಪು ಕಂದಿನ ಕಲೆಯೂ ಗಟ್ಟಿಯಾಗಿ ಕೂತಿದ್ದವು. ಎಲೆ ಅಡಿಕೆ ಬಿಟ್ಟು ಆರು ತಿಂಗಳಾಯಿತು ಎಂದು ಅವರು ಅದಾಗ ತಾನೇ ಹೇಳಿದ್ದರು. ಮನುಷ್ಯ ಮರೆಮಾಚುವುದನ್ನು ಈ ಗುಲಾಬಿ ಅಕ್ರಿಲಿಕ್ ಮರೆಮಾಚುವುದಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಖಚಿತವಾಯಿತು.

ಅಂದಿನಿಂದ ಸೆಟ್ಟಿನಲ್ಲಿ ನೋಡುವುದನ್ನು ಒಂದೊಂದಾಗಿ ಕಲಿತೆ. ಕಿಟ್ಟ ಕಟ್ಟಿರುವುದು ತಂತಿಯ ಕೊಂಡಿಯ ಒಳಮಗ್ಗುಲಲ್ಲೇ, ಇಲ್ಲ ಎಲ್ಲೆಡೆಯೇ ಎಂಬುದರಿಂದ ಬ್ರಶ್ ಮಾಡುವ ಶ್ರದ್ಧೆ ತಿಳಿಯುತ್ತದೆ. ಅಕ್ರಿಲಿಕ್ ಹಲ್ಲು ಬೇಗ ಸವೆಯುವುದರಿಂದ, ಮೂರೇ ತಿಂಗಳಲ್ಲಿ ಅದರ ಮೇಲೆ ನುಣುಪಾದ ಚಪ್ಪಟೆ ಗುರುತು ಎದ್ದು ಕಂಡರೆ ಹಲ್ಲು ಕಡಿಯುವ ಅಭ್ಯಾಸವಿದೆಯೆಂದು ಅನುಮಾನಿಸಿ ಮುಂದಿನ ಪರೀಕ್ಷೆ ಮಾಡುತ್ತೇನೆ. ಅವರಿಗೆ ಇಂಪ್ಲಾಂಟ್ ಬೇಡವೆನ್ನುವುದಿಲ್ಲ, ಆದರೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕುವ ಕವಚ) ಇಲ್ಲದೆ ಕ್ಯಾಪ್ ಹಾಕುವುದಿಲ್ಲ.   ಸೆಟ್ಟನ್ನು ಪರೀಕ್ಷಿಸಲಾಗುತ್ತದೆ ಎಂಬುದನ್ನು ಮಾತ್ರ ರೋಗಿಗೆ ಯಾರೂ ಮುಂಚೆ ಹೇಳಬೇಡಿ. ಹಿಂದಿನ ದಿನ ಉಜ್ಜಿ ತೊಳೆದು ತಂದರೆ ಪರೀಕ್ಷೆಯೇ ಕೆಟ್ಟಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಮೊದಮೊದಲು ಒಂದು ಹಲ್ಲಿಗೆ ಒಂದೇ ಬದಿಯ ಪುಟ್ಟ ಸೆಟ್ ಮಾಡುತ್ತಿದ್ದೆ, ಲ್ಯಾಬಿನಲ್ಲಿ ಮುನ್ನೂರು ರೂಪಾಯಿ ಉಳಿಯುತ್ತಿತ್ತು. ಒಬ್ಬ ಹೆಣ್ಣುಮಗಳಿಗೆ ಅದು ರಾತ್ರಿ ಕಳಚಿ ಗಂಟಲಿಗೆ ಜಾರಿತು. ಕೆಮ್ಮಿ ಹೊರಬಂದದ್ದರಿಂದ ಅನಾಹುತ ತಪ್ಪಿತು. ಶ್ವಾಸನಾಳಕ್ಕೆ ಇಳಿದಿದ್ದರೆ ಮುನ್ನೂರು ರೂಪಾಯಿಯ ಉಳಿತಾಯಕ್ಕೆ ಒಂದು ಜೀವ ಹೋಗುತ್ತಿತ್ತು. ಅಂದಿನಿಂದ ಎರಡೂ ಬದಿಗೆ ಕೊಂಡಿ ಹಾಕುವ, ದವಡೆಯ ಆಚೆ ಬದಿಯವರೆಗೆ ಹಾಯುವ ಸೆಟ್ಟನ್ನೇ ಮಾಡಿಸುತ್ತೇನೆ, ಮಲಗುವಾಗ ತೆಗೆದಿಡಲು ಬರೆದುಕೊಡುತ್ತೇನೆ.

ಸೆಟ್ಟಿಗೆ 3,500 ರೂಪಾಯಿ ತೆಗೆದುಕೊಂಡು, ಮುಂದೆ ಇಂಪ್ಲಾಂಟ್ ಇಟ್ಟರೂ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಮಾಡಿದರೂ ಆ ಮೊತ್ತವನ್ನು ಪೂರ್ತಿ ಕಳೆಯುತ್ತೇನೆ. ಇಷ್ಟು ಮಾಡಿದರೂ 2017ರಲ್ಲಿ ನನ್ನ ಇಂಪ್ಲಾಂಟುಗಳ ಸಂಖ್ಯೆ ಹಿಂದಿನ ವರ್ಷದ ಮೂವತ್ತೈದರಿಂದ ಹನ್ನೆರಡಕ್ಕೆ ಇಳಿಯಿತು, ಆದಾಯ ನಾಲ್ಕು ಲಕ್ಷದಷ್ಟು ತಗ್ಗಿತು. ಒಂದೇ ದಿನದಲ್ಲಿ ಹಲ್ಲು ಎಂಬ ಫಲಕಗಳು ಆಗ ಎಲ್ಲೆಡೆ ಎದ್ದಿದ್ದವು. ಮನೆಯಲ್ಲೂ ಪ್ರಶ್ನೆ ಬಂತು. ನನಗೆ ಧೈರ್ಯ ಕೊಟ್ಟದ್ದು ಒಂದೇ ಸಂಗತಿ: 1965ರಲ್ಲಿ ಸ್ವೀಡನ್ನಿನಲ್ಲಿ ಟೈಟಾನಿಯಂ ಇಂಪ್ಲಾಂಟನ್ನು ರೂಪಿಸಿದ ಸಂಶೋಧಕ ಬ್ರೊನೆಮಾರ್ಕ್ ತಮ್ಮ ಮೊದಲ ರೋಗಿಗೆ ಇಂಪ್ಲಾಂಟ್ ಇಟ್ಟಾಗ ತಿಂಗಳುಗಟ್ಟಲೆ ಕಾದು ಆಮೇಲೆ ಹಲ್ಲು ಕೂರಿಸಿದರು, ಆ ಇಂಪ್ಲಾಂಟುಗಳು 2006ರಲ್ಲಿ ಆ ವ್ಯಕ್ತಿ ತೀರಿಕೊಳ್ಳುವವರೆಗೂ ಬಾಯಲ್ಲಿದ್ದವು. ಅವರು ಇಟ್ಟ ಮೇಲೆ ಕಾದರು, ನಾನು ಇಡುವ ಮುಂಚೆಯೂ ಕಾಯುತ್ತೇನೆ.

ಸಕ್ಕರೆ ಕಾಯಿಲೆಯವರಿಗೆ ನನ್ನ ನಿಯಮ ಸರಳ. ಎಚ್‌ಬಿಎ1ಸಿ ಏಳರ ಒಳಗಿದ್ದರೆ ಮುಂದುವರಿಯುತ್ತೇನೆ, ಏಳರಿಂದ ಎಂಟರವರೆಗಿದ್ದರೆ ಅವರ ವೈದ್ಯರೊಡನೆ ಮಾತಾಡುತ್ತೇನೆ, ಅದಕ್ಕೂ ಮೇಲಿದ್ದರೆ ಇಡುವುದಿಲ್ಲ. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯನ್ನು ಹೇಳುವುದರಿಂದ, ಸೆಟ್ ಕೊಟ್ಟ ದಿನ ಒಮ್ಮೆ, ವಾಪಸು ತಂದ ದಿನ ಒಮ್ಮೆ ಮಾಡಿಸಿದರೆ ಆ ಅವಧಿಯ ನಡೆನುಡಿಯೆಲ್ಲ ಕಾಗದದ ಮೇಲೆ ಬರುತ್ತದೆ. ಅಡಿಕೆ, ಗುಟ್ಕಾದಿಂದ ಬಾಯಿ ಬಿಗಿದವರಲ್ಲಿ ಮೂರು ಬೆರಳು ನೆಟ್ಟಗೆ ಒಳಹೋಗದಿದ್ದರೆ ಹಿಂಬದಿಯ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ನೇರವಾಗಿ ತಲುಪುವುದಿಲ್ಲ; ಅಂಥವರಿಗೆ ಇಂಪ್ಲಾಂಟಿಗಿಂತ ಮೊದಲು ಬಿಗಿತಕ್ಕೆ ಚಿಕಿತ್ಸೆಯಾಗಬೇಕು.

ಔಷಧಿಯ ವಿಚಾರದಲ್ಲಿ ಒಂದು ಘಟನೆ ನನ್ನನ್ನು ಬೆಚ್ಚಿಬೀಳಿಸಿತು. ಅರವತ್ತೆಂಟರ ಹಿರಿಯರೊಬ್ಬರು ಬಿ.ಪಿ. ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದಿದ್ದರು. ಎರಡನೆಯ ಭೇಟಿಗೆ ಜೊತೆಗೆ ಬಂದ ಸೊಸೆ, ವರ್ಷಕ್ಕೊಮ್ಮೆ ಮೂಳೆ ಸವೆತಕ್ಕೆ ಡ್ರಿಪ್ ಹಾಕಿಸುತ್ತೇವಲ್ಲ, ಅದನ್ನು ಹೇಳಬೇಕೇ ಎಂದು ಕೇಳಿದರು. ಅದು ಜೊಲೆಡ್ರೋನಿಕ್ ಆಸಿಡ್. ಅದನ್ನು ಪಡೆದವರಲ್ಲಿ ದವಡೆಯ ಮೂಳೆ ಮಾಗದೆ ಸಾಯುವ ಅಪಾಯವಿದೆ, ಕ್ಯಾನ್ಸರಿಗೆ ಪಡೆಯುವವರಲ್ಲಿ ಅದು ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಬರುವುದನ್ನು ಯಾರೂ ಔಷಧಿಯೆಂದು ಎಣಿಸುವುದಿಲ್ಲ. ಹಾಗಾಗಿ ಈಗ ಬಾಯಿಮಾತು ಕೇಳದೆ ಮನೆಯಲ್ಲಿರುವ ಚೀಟಿಗಳ ಕಡತವನ್ನೇ ತರಿಸುತ್ತೇನೆ, ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವುದನ್ನು ಬೇರೆಯಾಗಿ ಕೇಳುತ್ತೇನೆ. ಆ ಹಿರಿಯರಿಗೆ ಬ್ರಿಡ್ಜ್ ಮಾಡಿದೆ, ಚೆನ್ನಾಗಿದ್ದಾರೆ.

ಬೇಡವೆಂದದ್ದರಲ್ಲಿ ನನಗೆ ಹೆಚ್ಚು ಹೆಮ್ಮೆಯಿರುವುದು ಹದಿನೇಳರ ಹುಡುಗನ ವಿಷಯದಲ್ಲಿ. ಕ್ರಿಕೆಟ್ ಚೆಂಡಿಗೆ ಮೇಲಿನ ಮುಂಬಲ್ಲು ಹೋಗಿತ್ತು, ತಂದೆ ಹಣ ಹಿಡಿದೇ ಬಂದಿದ್ದರು. ದವಡೆಯ ಬೆಳವಣಿಗೆ ನಿಲ್ಲುವ ಮುಂಚೆ ಇಟ್ಟರೆ ಪಕ್ಕದ ಹಲ್ಲುಗಳು ಕೆಳಗಿಳಿದು ಇಂಪ್ಲಾಂಟಿನ ಹಲ್ಲು ಮೇಲೆಯೇ ಉಳಿಯುತ್ತದೆ. ಒಂದೇ ರೆಕ್ಕೆಯ, ಪಕ್ಕದ ಹಲ್ಲಿಗೆ ಅಂಟಿಸುವ ಬ್ರಿಡ್ಜನ್ನು ಎಂಟು ಸಾವಿರಕ್ಕೆ ಮಾಡಿಕೊಟ್ಟೆ. ನಾಲ್ಕು ವರ್ಷವಾಯಿತು, ಒಮ್ಮೆಯೂ ಕಳಚಿಲ್ಲ. ಈಗ ಅವನಿಗೆ ಇಂಪ್ಲಾಂಟಿನ ವಯಸ್ಸಾಗಿದೆ, ಆದರೆ ಅವನೇ ಬೇಡವೆನ್ನುತ್ತಾನೆ.

ಇದಕ್ಕೆ ತದ್ವಿರುದ್ಧವಾಗಿ, ಕೆಳದವಡೆಯಲ್ಲಿ ಒಂದು ಹಲ್ಲೂ ಇಲ್ಲದ, ಸೆಟ್ ನಿಲ್ಲದೆ ರೊಟ್ಟಿ ಬಿಟ್ಟು ಗಂಜಿಗೆ ಇಳಿದ ವೃದ್ಧರ ವಿಷಯದಲ್ಲಿ ನಾನು ಒಂದಿಷ್ಟೂ ಹಿಂಜರಿಯುವುದಿಲ್ಲ. ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಇಟ್ಟು ಸೆಟ್ಟನ್ನು ಅದಕ್ಕೆ ಗುಂಡಿಯಂತೆ ಸಿಕ್ಕಿಸಿದರೆ ಸಾಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರ 2002ರ ಒಮ್ಮತದ ಹೇಳಿಕೆಯೂ ಇದನ್ನೇ ಮೊದಲ ಆಯ್ಕೆಯೆಂದಿತ್ತು. ನನ್ನಲ್ಲಿ ಎಲ್ಲ ಸೇರಿ ಎಪ್ಪತ್ತು ಸಾವಿರದ ಒಳಗೆ ಆಗುತ್ತದೆ. ಅತಿ ಹಿರಿಯ ರೋಗಿಗೆ ಎಂಬತ್ತೊಂದು ವಯಸ್ಸು. ಖರ್ಚು ತಗ್ಗಿಸಲೆಂದು ನಾಲ್ಕೈದು ಜನರಿಗೆ ತೆಳ್ಳನೆಯ ಮಿನಿ ಇಂಪ್ಲಾಂಟನ್ನೂ ಪ್ರಯೋಗಿಸಿದೆ. ಒಂದು ಮುರಿಯಿತು, ಎರಡು ಅಲುಗಾಡಿದವು, ಅಲ್ಲಿಗೆ ಕೈಬಿಟ್ಟೆ.   

2017ರಿಂದ ಇಲ್ಲಿಯವರೆಗೆ ಇನ್ನೂರು ದಾಟಿ ಇಟ್ಟಿದ್ದೇನೆ, ಹೋದದ್ದು ಐದೋ ಆರೋ. ಪರೀಕ್ಷೆಗೆ ಕುಳಿತವರಲ್ಲಿ ಹತ್ತಕ್ಕೆ ನಾಲ್ವರು ಬ್ರಿಡ್ಜಿಗೋ ಒಳ್ಳೆಯ ಸೆಟ್ಟಿಗೋ ಹೋಗುತ್ತಾರೆ, ಕೆಲವರು ಮೂರು ತಿಂಗಳು ಬಳಸಿದ ಸೆಟ್ಟೇ ಸಾಕೆನ್ನುತ್ತಾರೆ. ಕಳೆದುಕೊಂಡ ಆದಾಯ ಮೂರನೇ ವರ್ಷಕ್ಕೆ ಮರಳಿ ಬಂತು, ಏಕೆಂದರೆ ಬೇಡವೆನಿಸಿಕೊಂಡವರೇ ತಮ್ಮ ನೆಂಟರನ್ನು ಕಳಿಸಿದರು. ಇಂಪ್ಲಾಂಟ್ ಕಿತ್ತುಬಂದ ಆ ಬೆಳೆಗಾರರೂ 2019ರಲ್ಲಿ ಮರಳಿದರು. ಹೊಗೆಸೊಪ್ಪು ಬಿಟ್ಟಿದ್ದರು, ಎಚ್‌ಬಿಎ1ಸಿ 6.8ಕ್ಕೆ ಬಂದಿತ್ತು, ಸೆಟ್ ನಿರ್ಮಲವಾಗಿತ್ತು. ಅದೇ ಜಾಗದಲ್ಲಿ ಇಟ್ಟದ್ದು ಇಂದಿಗೂ ಗಟ್ಟಿಯಾಗಿದೆ.

ನನಗಿನ್ನೂ ಬಗೆಹರಿಯದಿರುವುದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇಂಪ್ಲಾಂಟ್ ಬಂದ ಮೇಲೆ ಮತ್ತೆ ಕವಳಕ್ಕೆ (ಎಲೆ ಅಡಿಕೆಗೆ) ಮರಳಿದವರ ಸಮಸ್ಯೆ. ನನಗೆ ತಿಳಿದಂತೆ ಅಂಥವರು ಏಳು ಜನ, ಅವರಲ್ಲಿ ಇಬ್ಬರ ಮೂಳೆ ಈಗಾಗಲೇ ಇಂಪ್ಲಾಂಟಿನ ಎರಡು ಎಳೆಯಷ್ಟು ಇಳಿದಿದೆ. ಈ ವರ್ಷದಿಂದ ವಾರ್ಷಿಕ ಎಕ್ಸ್-ರೇ ಮತ್ತು ಸ್ಕೇಲಿಂಗಿನ (ಹಲ್ಲಿನ ಕಿಟ್ಟ ತೆಗೆಯುವ) ಹಣವನ್ನು ಮೊದಲ ಮೂರು ವರ್ಷಗಳ ಮಟ್ಟಿಗೆ ಇಂಪ್ಲಾಂಟಿನ ಮೊತ್ತದಲ್ಲೇ ಸೇರಿಸಿ ತೆಗೆದುಕೊಳ್ಳುತ್ತಿದ್ದೇನೆ. ಮೊದಲೇ ಹಣ ಕೊಟ್ಟವರು ತಪ್ಪದೆ ಬರುತ್ತಾರೆಯೇ ಎಂಬುದು ಮುಂದಿನ ದೀಪಾವಳಿಯ ಹೊತ್ತಿಗೆ ಗೊತ್ತಾಗುತ್ತದೆ.