ಅಮ್ಮನ ಅಮೆರಿಕ ವಾಸ ವಿಸ್ತರಣೆ: ಹಾಸನದ ಕಡೆಯಿಂದ ನಾನು ಮಾಡಿದ್ದು

ವೀಸಾದಲ್ಲಿ ಹತ್ತು ವರ್ಷ ಅಂತ ಇದ್ದರೆ ಹತ್ತು ವರ್ಷ ಅಲ್ಲೇ ಇರಬಹುದು ಎಂದು ನಮ್ಮ ಹಾಸನದಲ್ಲಿ ಸುಮಾರು ಜನ ನಂಬಿದ್ದಾರೆ. ಅಮ್ಮ ನ್ಯೂಜೆರ್ಸಿಯ ತಂಗಿ ಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ನೆಂಟರೆಲ್ಲ ಹೇಳಿದ್ದೂ ಅದೇ: "ವೀಸಾ ಇದೆಯಲ್ಲ, ವಾಸಿ ಆದ್ಮೇಲೆ ಬರ್ಲಿ ಬಿಡಿ."

ಹಾಗಲ್ಲ. ವೀಸಾ ಇರುವುದು ಅಲ್ಲಿನ ಬಾಗಿಲು ತಟ್ಟುವುದಕ್ಕೆ. ಒಳಗೆ ಎಷ್ಟು ದಿನ ಇರಬಹುದು ಎಂದು ನಿರ್ಧರಿಸುವುದು ವಿಮಾನ ನಿಲ್ದಾಣದ ಅಧಿಕಾರಿ. ಬಿ-2 ಎಂಬ ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ಕೊನೆಯ ದಿನ ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಪಾಸ್‌ಪೋರ್ಟ್ ವಿವರ ಹಾಕಿದರೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಮ್ಮನದು ಅಕ್ಟೋಬರ್ ಮೊದಲ ವಾರಕ್ಕೆ ಮುಗಿಯುತ್ತಿತ್ತು. ಅದನ್ನು ಮೀರಿ ಸುಮ್ನೆ ಉಳಿದರೆ ಇರುವ ವೀಸಾ ರದ್ದಾಗುತ್ತದೆ. 180 ದಿನ ದಾಟಿದ ಮೇಲೆ ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ.

ಇರುವ ಅವಧಿಯನ್ನು ವಿಸ್ತರಿಸಿಕೊಳ್ಳಲು ಹಾಕುವ ಅರ್ಜಿ ಐ-539. ಐ-94 ಮುಗಿಯುವ ಮೊದಲೇ ಹಾಕಬೇಕು. ಕನಿಷ್ಠ 45 ದಿನ ಮುಂಚೆ ಹಾಕಿ ಎಂದು ವಲಸೆ ಇಲಾಖೆಯೇ ಹೇಳುತ್ತದೆ. ನಾವು ಆಗಸ್ಟ್‌ನಲ್ಲೇ ಹಾಕಿದೆವು. ಶುಲ್ಕ 2024ರ ಏಪ್ರಿಲ್‌ನ ಪರಿಷ್ಕರಣೆಯಂತೆ ಆನ್‌ಲೈನ್ ಆದರೆ 420 ಡಾಲರ್, ಕಾಗದದಲ್ಲಾದರೆ 470. ಪಾಸ್‌ಪೋರ್ಟ್ ನಾವು ಕೇಳುವ ದಿನದವರೆಗೂ ಚಾಲ್ತಿಯಲ್ಲಿರಬೇಕು. ಇದನ್ನು ಮೊದಲೇ ನೋಡಿಕೊಳ್ಳಿ.

ಫಾರಂ ತುಂಬುವುದು ದೊಡ್ಡ ವಿಷಯವಲ್ಲ, ತಂಗಿ ಒಂದು ಸಂಜೆ ಪಕ್ಕದಲ್ಲಿ ಕೂತು ತುಂಬಿಸಿದಳು. ಖಾತೆ ಅಮ್ಮನ ಹೆಸರಲ್ಲೇ, ಸಹಿಯೂ ಅಮ್ಮನದೇ. ಅಧಿಕಾರಿ ನೋಡುವುದು ಎರಡೇ: ಯಾಕೆ ಉಳಿಯುತ್ತಿದ್ದೀರಿ, ಯಾವಾಗ ಯಾಕೆ ವಾಪಸ್ ಹೋಗುತ್ತೀರಿ. ಮೊದಲನೆಯದಕ್ಕೆ ಕಾಗದ ಅಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಹಾಸನದಲ್ಲೇ ಹುಡುಕಬೇಕು. ಆ ಕೆಲಸ ನನ್ನದಾಯಿತು.

ಡಾಕ್ಟರ್ ಪತ್ರದಿಂದ ಶುರು ಮಾಡಿದೆವು. ಮೊದಲು ಕೊಟ್ಟ ಪತ್ರದಲ್ಲಿ "ಚಿಕಿತ್ಸೆಯಲ್ಲಿದ್ದಾರೆ" ಎಂದಷ್ಟೇ ಇತ್ತು. ಎಲ್ಲಿಯವರೆಗೆ ಅಂತ ಇಲ್ಲದ ಪತ್ರ ಇಟ್ಟುಕೊಂಡು ಏನು ಮಾಡುವುದು? ತಂಗಿ ಮತ್ತೆ ಕೇಳಿ, ನವೆಂಬರ್ ಮಧ್ಯದವರೆಗೆ ಫಿಸಿಯೋಥೆರಪಿ ಬೇಕು ಎಂದು ಬರೆಸಿಕೊಂಡಳು. ಹೀಗಾಗಿ ನಾವು ಕೇಳಿದ್ದು ನವೆಂಬರ್ 30ರವರೆಗೆ. "ಹೇಗೂ ಹಾಕ್ತಿದ್ದೀರಿ, ಪೂರ್ತಿ ಆರು ತಿಂಗಳು ಕೇಳಿ" ಅಂದವರಿದ್ದರು. ಕೇಳಬಹುದು ನಿಜ. ಆದರೆ ಪತ್ರ ನವೆಂಬರ್ ಅನ್ನುವಾಗ ಅರ್ಜಿ ಏಪ್ರಿಲ್ ಅಂದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ?

ಇನ್ನು ಊರಿನ ಕಾಗದ. ಅಪ್ಪನ ಕುಟುಂಬ ಪಿಂಚಣಿ ಬರುವ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಕಂದಾಯದ ರಸೀದಿ, ಸಕಲೇಶಪುರದ ಕಡೆ ಅಮ್ಮನ ಹೆಸರಲ್ಲಿರುವ ಸ್ವಲ್ಪ ಕಾಫಿ ತೋಟದ ಪಹಣಿ. ಜೊತೆಗೆ ಒಂದು ಪತ್ರ: ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಇದೆ, ಆಳುಗಳಿಗೆ ಬಟವಾಡೆ ಮಾಡುವವರು ಅಮ್ಮನೇ ಎಂದು. ಅದು ಇದ್ದದ್ದು ಇದ್ದ ಹಾಗೇ. ನನ್ನ ಪ್ರಕಾರ ಇಡೀ ಫೈಲಿನಲ್ಲಿ ಗಟ್ಟಿಯಾದ ಕಾಗದ ಅದೇ. ಆಸ್ತಿ ಇದೆ ಅಂದರೆ ಆಸ್ತಿ ಇದೆ ಅಂತಷ್ಟೇ ಆಯಿತು. ಕುಯ್ಲು ಅಂದರೆ ಇಂಥ ತಿಂಗಳು ಬರಲೇಬೇಕು ಅಂತ ಆಯಿತು.

ಪಹಣಿ ಕನ್ನಡದಲ್ಲಿರುತ್ತದೆ. ಕನ್ನಡದ ಯಾವ ಕಾಗದ ಕೊಟ್ಟರೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಕೆಳಗೆ ಅನುವಾದಕ "ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ಣ ಮತ್ತು ಸರಿಯಾದ ಅನುವಾದ" ಎಂದು ಬರೆದು ಸಹಿ ಮಾಡಬೇಕು. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯವರು ನೋಟರಿ ಸೀಲು ಇಲ್ಲದೆ ನಡೆಯಲ್ಲ ಅಂದರು. ನಿಯಮದಲ್ಲಿ ಹಾಗೇನಿಲ್ಲ. ನಾನೇ ಕೂತು ಮಾಡಿದೆ. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಎಲ್ಲ ಇದ್ದ ಹಾಗೇ ಇಟ್ಟು, 40 ಗುಂಟೆಗೆ ಒಂದು ಎಕರೆ ಎಂದು ಅಡಿಯಲ್ಲಿ ಬರೆದೆ. ಕಾಲಂ 9ರಲ್ಲಿ ಅಮ್ಮನ ಹೆಸರು, ಆಮೇಲೆ "ಕೋಂ" (ಅಂದರೆ ಇಂಥವರ ಹೆಂಡತಿ) ಅಂತ ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಹೆಸರು ಬೇರೆ ರೀತಿ ಇದೆ. ಎರಡೂ ಹೆಸರು ಅಮ್ಮನದೇ ಎಂದು ಮುಖಪತ್ರದಲ್ಲಿ ಒಂದು ಸಾಲು ಸೇರಿಸಿದೆವು. ಕಾಲಂ 11ರಲ್ಲಿ ಸೊಸೈಟಿ ಸಾಲ ಇತ್ತು. ಅದನ್ನು ಬಿಟ್ಟುಬಿಡು ಎಂದು ಚಿಕ್ಕಪ್ಪನ ಸಲಹೆ. ಬಿಟ್ಟರೆ "ಪೂರ್ಣ ಅನುವಾದ" ಎಂಬ ಸಹಿ ಸುಳ್ಳಾಗುತ್ತದೆ. ಅದೂ ಅಲ್ಲದೆ, ತೀರಿಸಬೇಕಾದ ಸಾಲ ಊರಲ್ಲಿದೆ ಅನ್ನುವುದು ವಾಪಸ್ ಬರಲು ಇನ್ನೊಂದು ಕಾರಣವೇ ಆಯಿತು!

ದಿನಾಂಕ ಬರೆಯುವಾಗ ಹುಷಾರು. ಅಲ್ಲಿ ತಿಂಗಳು ಮೊದಲು. ನಾವು ಏಪ್ರಿಲ್ 10 ಎಂದು 10/04 ಬರೆದರೆ ಅವರಿಗೆ ಅದು ಅಕ್ಟೋಬರ್ 4. ಅನುವಾದದಲ್ಲಿ ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆದೆ.

ಖರ್ಚು ಯಾರದು ಎನ್ನುವುದಕ್ಕೆ ತಂಗಿಯ ಸಂಬಳದ ಚೀಟಿ, ಬ್ಯಾಂಕ್ ವಿವರ, ಅವಳದೊಂದು ಪತ್ರ. ಅಮ್ಮನ ಪ್ರಯಾಣ ವಿಮೆಯನ್ನು ಅವಧಿ ಮುಗಿಯುವ ಮೊದಲೇ ಮುಂದುವರಿಸಿ ಅದರ ಪ್ರತಿಯನ್ನೂ ಸೇರಿಸಿದೆವು. ವಾಪಸ್ ಟಿಕೆಟ್ಟನ್ನು ನವೆಂಬರ್ ಕೊನೆಯ ವಾರಕ್ಕೆ ಬದಲಾಯಿಸಿ ಅದನ್ನೂ.

ಅರ್ಜಿ ಹೋದ ಮೇಲೆ ರಸೀದಿ ಬರುತ್ತದೆ. ಅದರ ನಂಬರ್ ಹಾಕಿ ಹಾಸನದಿಂದಲೇ ಸ್ಥಿತಿ ನೋಡಬಹುದು. ಬೆರಳಚ್ಚಿಗೆ ಕರೆಯಬಹುದು ಎಂದಿದ್ದರು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಅದು ಹೇಗೋ ಎಂಬ ಚಿಂತೆ ಅಮ್ಮನಿಗೆ. ಕರೆ ಬರಲಿಲ್ಲ. ಬೆರಳಚ್ಚಿಗೆ ಮೊದಲಿದ್ದ ಪ್ರತ್ಯೇಕ ಶುಲ್ಕವನ್ನು 2023ರ ಅಕ್ಟೋಬರ್‌ನಿಂದ ತೆಗೆದಿದ್ದಾರೆ.

ಅಕ್ಟೋಬರ್ ಬಂತು, ಐ-94 ಮುಗಿಯಿತು, ತೀರ್ಮಾನ ಬರಲಿಲ್ಲ. ಇದು ಮಾಮೂಲಿ. ಸಮಯಕ್ಕೆ ಸರಿಯಾಗಿ ಹಾಕಿದ ಅರ್ಜಿ ಬಾಕಿ ಇರುವಾಗ ಅಲ್ಲಿರಬಹುದು. ತಿರಸ್ಕಾರವಾದರೆ ಮಾತ್ರ ತಕ್ಷಣ ಹೊರಡಬೇಕು. ಹಾಗಾಗಿ ತೀರ್ಮಾನಕ್ಕೆ ಕಾಯುತ್ತಾ ನಾವೇ ಕೇಳಿದ ದಿನವನ್ನು ದಾಟಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅಮ್ಮ ನವೆಂಬರ್ ಕೊನೆಯ ವಾರ ಹೊರಟರು. ಆಗಲೂ ಅರ್ಜಿ ಬಾಕಿಯೇ ಇತ್ತು. ಮುಂದಿನ ಸಲ ಯಾರಾದರೂ ಕೇಳಿದರೆ ತೋರಿಸಲು ರಸೀದಿ, ಬೋರ್ಡಿಂಗ್ ಪಾಸ್, ಡಾಕ್ಟರ್ ಪತ್ರ ಒಂದೇ ಕವರಿನಲ್ಲಿವೆ. ಐ-94 ತಾಣದಲ್ಲಿ ಅವರು ಹೊರಟ ದಿನ ದಾಖಲಾಗಿದೆಯಾ ಎಂದು ನೋಡಿ, ಆ ಪುಟವನ್ನೂ ಪ್ರಿಂಟ್ ತೆಗೆದು ಅದರ ಜೊತೆಗೇ ಇಟ್ಟಿದ್ದೇನೆ.