ಇಂಡಸ್ಟ್ರಿಯಲ್ ಇನ್ಫರ್ಮ್ಯಾಟಿಕ್ಸ್ ಮಾಸ್ಟರ್ಸ್: ಜರ್ಮನಿಗೆ ಹೊರಡುವ ಮೊದಲು ಮಾಡಿಕೊಳ್ಳಬೇಕಾದ ಕೆಲಸ

ಈ ಕೋರ್ಸಿಗೆ ಎರಡು ದಿಕ್ಕಿನಿಂದ ಜನ ಬರುತ್ತಾರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರಿಗೆ ಪ್ಯಾನೆಲ್, ರಿಲೇ, ಮೋಟಾರು ಗೊತ್ತು, ಡೇಟಾಬೇಸ್ ಅಂದರೆ ದೂರ. ಕಂಪ್ಯೂಟರ್ ಸೈನ್ಸ್‌ನವರಿಗೆ ಪೈಥಾನ್ ಸಲೀಸು, ಆದರೆ 24 ವೋಲ್ಟ್‌ನ ಇನ್‌ಪುಟ್ ಕಾರ್ಡ್ ಮುಂದಿಟ್ಟರೆ ಕೈ ಓಡುವುದಿಲ್ಲ. ಯಂತ್ರದ ಸಿಗ್ನಲ್ ಪಿಎಲ್‌ಸಿಗೆ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಬಂದು, ನೆಟ್‌ವರ್ಕ್ ದಾಟಿ, ಉತ್ಪಾದನೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಸೇರುವವರೆಗಿನ ದಾರಿಯೇ ಈ ಕೋರ್ಸ್. ಆ ದಾರಿಯನ್ನು ಲ್ಯಾಪ್‌ಟಾಪಿನಲ್ಲೇ ಒಮ್ಮೆ ಪೂರ್ತಿ ಕಟ್ಟಿ ಹೋದವರಿಗೆ ಮೊದಲ ಸೆಮಿಸ್ಟರ್ ಹಗುರ. ಕಟ್ಟದೆ ಹಾಗೇ ಹೋದವರಿಗೆ ಲ್ಯಾಬ್‌ನಲ್ಲಿ ವೈರಿಂಗ್ ತಪ್ಪೋ ಪ್ರೋಗ್ರಾಂ ತಪ್ಪೋ ಎಂದು ಹುಡುಕುವುದರಲ್ಲೇ ಅರ್ಧ ಕಾಲ ಹೋಗುತ್ತದೆ.

ಕೋರ್ಸ್ ಮತ್ತು ಕಾಗದಪತ್ರ

ಹೆಸರು ನೋಡಿ ಆರಿಸಬೇಡಿ. ಜರ್ಮನಿಯ ಎಮ್ಡೆನ್‌ನಲ್ಲಿ ಇದಕ್ಕೆ ಇಂಡಸ್ಟ್ರಿಯಲ್ ಇನ್ಫರ್ಮ್ಯಾಟಿಕ್ಸ್ ಎಂದೇ ಹೆಸರು. ಲೆಮ್ಗೊದಲ್ಲಿ ಇನ್ಫರ್ಮೇಶನ್ ಟೆಕ್ನಾಲಜಿ ಎನ್ನುತ್ತಾರೆ, ಆದರೆ ಅದೇ ಕ್ಯಾಂಪಸ್ಸಿನಲ್ಲಿ ಕೈಗಾರಿಕಾ ಐಟಿಗೇ ಮೀಸಲಾದ ಸಂಶೋಧನಾ ಸಂಸ್ಥೆ ಇದೆ. ಪ್ರತಿ ವಿಶ್ವವಿದ್ಯಾಲಯವೂ ವಿಷಯಗಳ ವಿವರವಿರುವ ಮಾಡ್ಯೂಲ್ ಹ್ಯಾಂಡ್‌ಬುಕ್ ಪ್ರಕಟಿಸುತ್ತದೆ. ಅದರಲ್ಲಿ ಐಇಸಿ 61131-3 (ಪಿಎಲ್‌ಸಿ ಭಾಷೆಗಳ ಮಾನದಂಡ), ಓಪಿಸಿ ಯುಎ (ಯಂತ್ರದ ಡೇಟಾ ಹಂಚುವ ಪದ್ಧತಿ), ರಿಯಲ್ ಟೈಮ್ ಈಥರ್ನೆಟ್ (ಹೊತ್ತಿಗೆ ಸರಿಯಾಗಿ ಡೇಟಾ ತಲುಪಿಸುವ ನೆಟ್‌ವರ್ಕ್), ಎಂಇಎಸ್ (ಉತ್ಪಾದನೆಯ ಲೆಕ್ಕ ಇಡುವ ಸಾಫ್ಟ್‌ವೇರ್) ಈ ನಾಲ್ಕರಲ್ಲಿ ಮೂರಾದರೂ ಸಿಗಬೇಕು. ಬರೀ ಮಷಿನ್ ಲರ್ನಿಂಗ್ ತುಂಬಿದ್ದರೆ ಅದು ಬೇರೆ ಕೋರ್ಸ್, ಹೊರಗೆ ಮಾತ್ರ ಆಟೊಮೇಶನ್ ಬೋರ್ಡು. ವಿದೇಶದ ಖರ್ಚು ಬೇಡ ಎನ್ನುವವರಿಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಎಂ.ಟೆಕ್ ಇದೆ, ಗೇಟ್ ಸ್ಕೋರ್ ಬೇಕು.

ಜರ್ಮನಿಗಾದರೆ ಮೊದಲು ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ, ಶುಲ್ಕ 18,000 ರೂಪಾಯಿ. ವೀಸಾ ಹೊತ್ತಿಗೆ ಮಾಡಿಸಿದರಾಯಿತು ಎಂದು ತಡಮಾಡಬೇಡಿ, ಬಹಳ ಕಡೆ ಅರ್ಜಿ ಹಾಕುವಾಗಲೇ ಕೇಳುತ್ತಾರೆ. ಅರ್ಜಿ ಪರಿಶೀಲಿಸಿ ವಿಶ್ವವಿದ್ಯಾಲಯಗಳಿಗೆ ಕಳಿಸುವ ಯೂನಿ-ಅಸಿಸ್ಟ್ ಮೂಲಕ ಹೋಗುವ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರ್‌ನ ಉಳಿದ ಪ್ರತಿಯೊಂದಕ್ಕೆ 30. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೊ ತೋರಿಸಬೇಕು (2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಮೊತ್ತ, ಕಟ್ಟುವ ಮೊದಲು ಮತ್ತೆ ನೋಡಿಕೊಳ್ಳಿ). ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಪಡೆಯುತ್ತವೆ.

ಎಡವುವುದು ಅಂಕಗಳ ಲೆಕ್ಕದಲ್ಲಿ. ನಮ್ಮ ಸಿಜಿಪಿಎಯನ್ನು ಬವೇರಿಯನ್ ಸೂತ್ರದಿಂದ ಜರ್ಮನ್ ಗ್ರೇಡಿಗೆ ತಿರುಗಿಸುತ್ತಾರೆ, ಅಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಗರಿಷ್ಠದಲ್ಲಿ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಲ್ಲಿ ಪಾಸಿನ ಕನಿಷ್ಠ ಅಂಕ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಸಿಜಿಪಿಎ 7.2 ಇದ್ದು ಕನಿಷ್ಠ 4 ಎಂದು ಹಿಡಿದರೆ 2.4 ಬರುತ್ತದೆ. ಕನಿಷ್ಠ 5 ಎಂದು ಹಿಡಿದರೆ 2.68. ಅನೇಕ ಕಡೆ ಗೆರೆ 2.5ಕ್ಕೆ ಇರುವುದರಿಂದ ಒಂದೇ ಅಂಕಪಟ್ಟಿ ಒಮ್ಮೆ ಒಳಗೆ, ಒಮ್ಮೆ ಹೊರಗೆ. ನಿಮ್ಮ ಸ್ಕೀಮಿನಲ್ಲಿ ಕನಿಷ್ಠ ಎಷ್ಟೆಂದು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆದು ಅರ್ಜಿಯ ಜೊತೆ ಲಗತ್ತಿಸಿ.

ಲ್ಯಾಪ್‌ಟಾಪಿನಲ್ಲಿ ಒಂದು ಲೈನ್

ವಿಂಡೋಸ್ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಕೋಡೆಸಿಸ್ ಹಾಕಿಕೊಳ್ಳಿ, ಅದರ ಜೊತೆಗೇ ಬರುವ ಸಾಫ್ಟ್ ಪಿಎಲ್‌ಸಿ ಲೈಸೆನ್ಸ್ ಇಲ್ಲದೆ ಎರಡು ಗಂಟೆ ಓಡಿ ನಿಲ್ಲುತ್ತದೆ, ಮತ್ತೆ ಶುರು ಮಾಡಿದರಾಯಿತು. ಸೀಮೆನ್ಸ್‌ನ ಅಂಥದೇ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನ ಟ್ರಯಲ್ 21 ದಿನಕ್ಕೆ ಮುಗಿಯುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇವುಗಳ ಜೊತೆ ಡೇಟಾ ಓದಿ ಮುಂದೆ ಸಾಗಿಸಲು ನೋಡ್-ರೆಡ್, ಸಂದೇಶ ಹಂಚಲು ಮಸ್ಕಿಟೊ ಬ್ರೋಕರ್ (ಎಂಕ್ಯೂಟಿಟಿ), ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್, ಓಪಿಸಿ ಯುಎ ನೋಡಲು ಯುಎ ಎಕ್ಸ್‌ಪರ್ಟ್. ಎಲ್ಲವೂ ಉಚಿತ.

ಮೊದಲು ಒಂದು ಕನ್ವೇಯರ್ ಬರೆಯಿರಿ: ಸ್ಟಾರ್ಟ್, ಸ್ಟಾಪ್, ಮೋಟಾರು, ತುಂಡು ಎಣಿಸುವ ಸೆನ್ಸರ್. ಸ್ಟಾಪ್ ಬಟನ್‌ನಲ್ಲಿ ಹೊಸಬರು ಎಡವುವುದು ಖಚಿತ. ಬಟನ್ ನಾರ್ಮಲಿ ಕ್ಲೋಸ್ಡ್ (ಎನ್‌ಸಿ), ಅಂದರೆ ಒತ್ತದಿದ್ದಾಗ ಇನ್‌ಪುಟ್‌ಗೆ 24 ವೋಲ್ಟ್ ಬರುತ್ತಲೇ ಇರುತ್ತದೆ. ವೈರ್ ತುಂಡಾದರೂ ಯಂತ್ರ ನಿಲ್ಲಲಿ ಎಂದೇ ಈ ಏರ್ಪಾಟು. ಆದ್ದರಿಂದ ಲ್ಯಾಡರ್‌ನಲ್ಲಿ (ಪಿಎಲ್‌ಸಿಯ ಚಿತ್ರರೂಪದ ಭಾಷೆ) ಅದಕ್ಕೆ ನಾರ್ಮಲಿ ಓಪನ್ ಕಾಂಟ್ಯಾಕ್ಟ್ ಹಾಕಬೇಕು. ಬಟನ್ ಎನ್‌ಸಿ ಎಂದು ಲ್ಯಾಡರ್‌ನಲ್ಲೂ ಎನ್‌ಸಿ ಹಾಕಿದರೆ ಸ್ಟಾರ್ಟ್ ಒತ್ತಿದರೂ ಮೋಟಾರು ಹಿಡಿದುಕೊಳ್ಳುವುದಿಲ್ಲ. ಇದೇ ಪ್ರೋಗ್ರಾಂ ಅನ್ನು ಸ್ಟ್ರಕ್ಚರ್ಡ್ ಟೆಕ್ಸ್ಟ್‌ನಲ್ಲೂ (ಅಕ್ಷರರೂಪದ ಪಿಎಲ್‌ಸಿ ಭಾಷೆ) ಬರೆದು ನೋಡಿ, ಯುರೋಪಿನ ಕೋರ್ಸುಗಳಲ್ಲಿ ಅದರ ಬಳಕೆ ಹೆಚ್ಚು.

ಎಣಿಕೆ ಪಿಎಲ್‌ಸಿಯಲ್ಲೇ ಆಗಲಿ. ಪಿಎಲ್‌ಸಿ 10 ಮಿಲಿಸೆಕೆಂಡಿಗೊಮ್ಮೆ ಇನ್‌ಪುಟ್ ಓದುತ್ತದೆ, ನೋಡ್-ರೆಡ್ ಸೆಕೆಂಡಿಗೊಮ್ಮೆ ಕೇಳುತ್ತದೆ ಎಂದಿಟ್ಟುಕೊಳ್ಳಿ. ಸೆನ್ಸರ್ ಪಲ್ಸ್ 100 ಮಿಲಿಸೆಕೆಂಡ್ ಇದ್ದರೆ ನೋಡ್-ರೆಡ್‌ಗೆ ಹತ್ತರಲ್ಲಿ ಒಂಬತ್ತು ತುಂಡು ಕಾಣುವುದೇ ಇಲ್ಲ. ಪಲ್ಸ್ ಕಳಿಸಬೇಡಿ, ಕೌಂಟರ್‌ನ ಸಂಖ್ಯೆ ಕಳಿಸಿ. ನಡುವೆ ನೆಟ್‌ವರ್ಕ್ ಕಡಿದರೂ ಲೆಕ್ಕ ತಪ್ಪುವುದಿಲ್ಲ.

ಕೌಂಟರನ್ನು ಓಪಿಸಿ ಯುಎಗೆ ಕೊಡಲು ಕೋಡೆಸಿಸ್‌ನಲ್ಲಿ ಸಿಂಬಲ್ ಕಾನ್ಫಿಗರೇಶನ್ ಸೇರಿಸಿ, ವೇರಿಯಬಲ್‌ಗೆ ಟಿಕ್ ಹಾಕಿ, ಬಿಲ್ಡ್ ಮಾಡಿ, ಮತ್ತೆ ಡೌನ್‌ಲೋಡ್ ಮಾಡಿ. ಪೋರ್ಟ್ 4840. ಕನೆಕ್ಟ್ ಆಗದಿದ್ದರೆ ಫೈರ್‌ವಾಲ್, ಆಮೇಲೆ ಯೂಸರ್ ಲಾಗಿನ್, ಆಮೇಲೆ ಸರ್ಟಿಫಿಕೇಟ್ ನೋಡಿ. ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರಿನ ಗಡಿಯಾರ ಹಿಂದೆ ಉಳಿದಿದ್ದರೆ ಸರಿಯಾದ ಸರ್ಟಿಫಿಕೇಟೂ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ತಿರಸ್ಕೃತವಾಗುತ್ತದೆ.

ಹಳೆಯ ಎನರ್ಜಿ ಮೀಟರು, ಡ್ರೈವುಗಳು ಮಾತಾಡುವುದು ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ, ಅದನ್ನೂ ಮುಟ್ಟಿ ನೋಡಿ. ಮ್ಯಾನ್ಯುಯಲ್‌ನಲ್ಲಿ 40001 ಎಂದಿರುವ ರಿಜಿಸ್ಟರು ವೈರಿನ ಮೇಲೆ ವಿಳಾಸ 0. ಬಂದ ಸಂಖ್ಯೆ ಪಕ್ಕದ ರಿಜಿಸ್ಟರಿನದು ಅನಿಸಿದರೆ ಒಂದು ಕಳೆದು ಓದಿ. ದಶಮಾಂಶದ ಸಂಖ್ಯೆ ಎರಡು 16 ಬಿಟ್ ರಿಜಿಸ್ಟರಿನಲ್ಲಿ ಬರುತ್ತದೆ, ಯಾವುದು ಮೊದಲು ಎಂಬುದು ಕಂಪನಿಗೊಂದು ರೀತಿ. 230 ವೋಲ್ಟ್ ಇರಬೇಕಾದಲ್ಲಿ ಅರ್ಥವಿಲ್ಲದ ಸಂಖ್ಯೆ ಕಂಡರೆ ಎರಡನ್ನೂ ಅದಲುಬದಲು ಮಾಡಿ.

ಮಸ್ಕಿಟೊ 2.0ರಿಂದ ಈಚೆಗೆ ಹೊರಗಿನ ಕಂಪ್ಯೂಟರ್‌ಗೆ ತಾನಾಗಿ ಬಾಗಿಲು ತೆರೆಯುವುದಿಲ್ಲ, ಕಾನ್ಫಿಗ್ ಫೈಲಿನಲ್ಲಿ ಲಿಸನರ್ 1883 ಎಂದು ಬರೆದು ಲಾಗಿನ್ ವ್ಯವಸ್ಥೆ ಮಾಡಬೇಕು. ಕ್ಯುಓಎಸ್ 1ರಲ್ಲಿ (ಸಂದೇಶ ಕನಿಷ್ಠ ಒಮ್ಮೆ ತಲುಪುವ ಭರವಸೆಯ ಮಟ್ಟ) ಒಂದೇ ಸಂದೇಶ ಎರಡು ಸಲ ಬರಬಹುದು. ಯಂತ್ರದ ಸಂಖ್ಯೆ, ಸಮಯ, ಕೌಂಟರ್ ಮೂರನ್ನೂ ಸೇರಿಸಿ ಟೇಬಲ್‌ನಲ್ಲಿ ಯುನೀಕ್ ಕೀ ಇಟ್ಟರೆ ನಕಲು ತಾನೇ ಉದುರುತ್ತದೆ.

ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಇಡಿ, ಆದರೆ ದಿನದ ಲೆಕ್ಕ ಯುಟಿಸಿಯಲ್ಲಿ ಬೇಡ. ನಮ್ಮ ಬೆಳಗಿನ 6 ಗಂಟೆ ಅಲ್ಲಿ 00:30. ಯುಟಿಸಿ ತಾರೀಖಿನಂತೆ ಕೂಡಿದರೆ ರಾತ್ರಿ ಪಾಳಿಯ ಕೊನೆಯ ಅರ್ಧ ಗಂಟೆ ಮರುದಿನದ ಖಾತೆಗೆ ಬೀಳುತ್ತದೆ. ಜರ್ಮನಿಯಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ನಸುಕಿನ 2ರಿಂದ 3 ಎರಡು ಸಲ ಬರುತ್ತದೆ, ಆ ರಾತ್ರಿಯ ಎಂಟು ಗಂಟೆಯ ಪಾಳಿಗೆ ಒಂಬತ್ತು ಗಂಟೆ.

ಕೊನೆಗೆ ಓಇಇ, ಅಂದರೆ ಯಂತ್ರದ ಒಟ್ಟು ದಕ್ಷತೆ. 480 ನಿಮಿಷದ ಪಾಳಿಯಲ್ಲಿ 30 ನಿಮಿಷ ಊಟ ಕಳೆದು 450. ಯಂತ್ರ ನಿಂತದ್ದು 45, ಓಡಿದ್ದು 405, ಲಭ್ಯತೆ 90 ಶೇಕಡ. ತುಂಡಿಗೆ 30 ಸೆಕೆಂಡಿನಂತೆ 810 ಆಗಬೇಕಿತ್ತು, ಆದದ್ದು 729, ವೇಗವೂ 90 ಶೇಕಡ. ಒಳ್ಳೆಯವು 700, ಗುಣಮಟ್ಟ ಸುಮಾರು 96. ಮೂರನ್ನೂ ಗುಣಿಸಿದರೆ 77.8. ತಾಳೆ ನೋಡುವುದು ಸುಲಭ: 700 ತುಂಡಿಗೆ 350 ನಿಮಿಷ, ಅದನ್ನು 450ರಿಂದ ಭಾಗಿಸಿ. ಎರಡೂ ಹೊಂದದಿದ್ದರೆ ಎಸ್‌ಕ್ಯೂಎಲ್ ತಪ್ಪಿದೆ. ವೇಗ 100 ಶೇಕಡ ದಾಟಿದರೆ ಯಾರೋ ಸೈಕಲ್ ಟೈಮ್ (ಒಂದು ತುಂಡಿಗೆ ಹಿಡಿದ ಸಮಯ) ಅನ್ನು ಧಾರಾಳವಾಗಿ ಬರೆದಿದ್ದಾರೆ.

ನಿಜವಾದ ಸೆನ್ಸರ್ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಡಕ್ಟಿವ್ ಪ್ರಾಕ್ಸಿಮಿಟಿ (ಲೋಹ ಹತ್ತಿರ ಬಂದರೆ ಗುರುತಿಸುವ ಸೆನ್ಸರ್) ಮತ್ತು 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ತನ್ನಿ. ಕಂದು ವೈರು ಪ್ಲಸ್, ನೀಲಿ ಸೊನ್ನೆ, ಕಪ್ಪು ಸಿಗ್ನಲ್. ಪಿಎನ್‌ಪಿ (ಸಿಗ್ನಲ್ ವೈರಿಗೆ ಪ್ಲಸ್ ಕೊಡುವ ಬಗೆ) ಎಂದು ಕೇಳಿ ಪಡೆಯಿರಿ, ಯುರೋಪಿನ ಲ್ಯಾಬುಗಳಲ್ಲಿ ಅದೇ ವಾಡಿಕೆ. ಕಪ್ಪು ವೈರನ್ನು ನೇರವಾಗಿ ರಾಸ್ಪ್‌ಬೆರಿ ಪೈನ ಪಿನ್ನಿಗೆ ಕೊಡಬೇಡಿ. ಅದು ತಡೆಯುವುದು 3.3 ವೋಲ್ಟ್, ನಡುವೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇರಲಿ.

ಅಲ್ಲಿಗೆ ಹೋದ ಮೇಲೆ

ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು. ಆರು ವಿಷಯ ತೆಗೆದುಕೊಂಡು ವಾರಕ್ಕೆ 20 ಗಂಟೆ ದುಡಿಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿರುತ್ತದೆ, ಅಷ್ಟೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಆ ದಿನಗಳನ್ನು ಗೋದಾಮಿನಲ್ಲಿ ಕಳೆಯುವ ಬದಲು ಲ್ಯಾಬ್ ಸಹಾಯಕ ಕೆಲಸಕ್ಕೆ ಇಟ್ಟುಕೊಳ್ಳಿ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಶಾಪ್ ಫ್ಲೋರಿನಲ್ಲಿ ಮಾತು ಜರ್ಮನ್, ಹೊರಡುವ ಮೊದಲೇ ಜರ್ಮನ್ ಭಾಷೆಯ ಎ2 ಹಂತ ಮುಗಿದಿರಲಿ.

ಥೀಸಿಸ್ ಕಂಪನಿಯಲ್ಲಿ ಮಾಡುವುದಾದರೆ ಸಹಿ ಹಾಕುವ ಮುಂಚೆ ಮೂರು ವಿಷಯ ಲಿಖಿತವಾಗಿರಲಿ: ಯಾವ ಯಂತ್ರದ ಡೇಟಾ ಕೊಡುತ್ತಾರೆ, ಪಿಎಲ್‌ಸಿಯಿಂದ ಓದಲು ಯಾರು ಅನುಮತಿ ಕೊಡುತ್ತಾರೆ, ಫಲಿತಾಂಶದಲ್ಲಿ ಏನನ್ನು ಪ್ರಕಟಿಸಬಹುದು. ಪಿಎಲ್‌ಸಿ ಪ್ರೋಗ್ರಾಂ ಬದಲಿಸುವ ಅಧಿಕಾರ ಅನೇಕ ಕಡೆ ಯಂತ್ರ ಮಾರಿದವರ ಕೈಯಲ್ಲೇ ಇರುತ್ತದೆ. ಒಂದು ವೇರಿಯಬಲ್ ಹೊರಗೆ ಕೊಡಿಸಲು ತಿಂಗಳುಗಟ್ಟಲೆ ಕಾಯಬೇಕಾದರೆ ಆರು ತಿಂಗಳ ಥೀಸಿಸ್‌ನಲ್ಲಿ ಅಳೆಯಲು ಉಳಿಯುವುದು ಕೆಲವೇ ವಾರ. ಹಾಗಾಗಿ ಡೇಟಾ ಆಗಲೇ ಓಪಿಸಿ ಯುಎಯಲ್ಲಿ ಬರುತ್ತಿರುವ ಯಂತ್ರವನ್ನೇ ಕೇಳಿ ಪಡೆಯಿರಿ, ವಿಷಯ ಸ್ವಲ್ಪ ಸಪ್ಪೆಯಾದರೂ ಪರವಾಗಿಲ್ಲ.