ಮಗಳ ಕೈಗೆ ದೊಡ್ಡವರ ರೀಲ್: ಗೋವಾದ ಉಪ್ಪುನೀರಿನಲ್ಲಿ ನನ್ನ ಅನುಭವ

ಮೀನಿನ ಗಾಳದ ದಾರ ಸುತ್ತುವ ರೀಲುಗಳಲ್ಲಿ ಮಕ್ಕಳಿಗೆಂದು ಮಾರುವಂಥವು ಉಪ್ಪುನೀರಿಗೆ ಬಾಳುವುದಿಲ್ಲ, ದೊಡ್ಡವರ ರೀಲನ್ನೇ ಮಗುವಿನ ಕೈಗೆ ಹೊಂದಿಸಿ ಕೊಡಬೇಕು ಎಂದು ನಾನು ಹೇಳಿದಾಗ ವಾಸ್ಕೋದಲ್ಲಿ ನಮ್ಮೊಡನೆ ಗಾಳ ಹಾಕುವ ಕನ್ನಡದ ಗೆಳೆಯರು ಯಾರೂ ಒಪ್ಪಿರಲಿಲ್ಲ. 8 ವರ್ಷದ ಹುಡುಗಿಗೆ 2500ರ ರೀಲ್ (ಇದು ಬೆಲೆಯಲ್ಲ, ರೀಲಿನ ಗಾತ್ರದ ಸಂಖ್ಯೆ) ಭಾರ, ಬಂಡೆಯ ಮೇಲೆ ಬಿದ್ದರೆ ದುಡ್ಡು ದಂಡ ಎನ್ನುತ್ತಿದ್ದರು. ಆ ರೀಲ್ ಎರಡು ಮಳೆಗಾಲ ದಾಟಿ ಇಂದಿಗೂ ನುಣ್ಣಗೆ ತಿರುಗುತ್ತಿದೆ.

ಮೊದಲು ತಂದದ್ದು ಗುಂಡಿ ಒತ್ತಿ ಎಸೆಯುವ, ಮುಚ್ಚಿದ ಮೂತಿಯ ರೀಲ್. ರಾಡ್ ಸೇರಿ ಸುಮಾರು 900 ರೂಪಾಯಿ. ಕೆರೆಯಲ್ಲಾದರೆ ಅದಕ್ಕೆ ಹೆಸರಿಡುವಂತಿಲ್ಲ. ಬೈನಾ ತೀರದ ಮರಳು ಮೂತಿಯೊಳಗೆ ಸೇರಿದ ಮೇಲೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದು ಹ್ಯಾಂಡಲ್ ಬರಿದೇ ತಿರುಗತೊಡಗಿತು. ಎರಡನೆಯದು 1000 ಗಾತ್ರದ, ತೆರೆದ ಮೂತಿಯ ಪುಟ್ಟ ಸ್ಪಿನ್ನಿಂಗ್ ರೀಲ್, ಬೆಲೆ 1,600ರ ಆಸುಪಾಸು. ಹತ್ತಕ್ಕೂ ಹೆಚ್ಚು ಬೇರಿಂಗ್ ಇದ್ದುದೇ ಅದಕ್ಕೆ ಮುಳುವಾಯಿತು. ಎಲ್ಲಕ್ಕಿಂತ ಮೊದಲು ದಾರ ಹಾದುಹೋಗುವ ಪುಟ್ಟ ಗಾಲಿಯ, ಅಂದರೆ ಲೈನ್ ರೋಲರಿನ ಬೇರಿಂಗ್ ತುಕ್ಕು ಹಿಡಿದು ಬಿಗಿಯಿತು, ತಿರುಗದ ರೋಲರಿಗೆ ಉಜ್ಜಿ ದಾರವೂ ಹಾಳಾಯಿತು.

ಮೂರನೆಯದೇ ಆ 2500. ಅದಕ್ಕೆ ಸುಮಾರು 2,800 ರೂಪಾಯಿ ಕೊಟ್ಟೆ. ನಾಲ್ಕೇ ಬೇರಿಂಗ್, ದಾರ ಸುತ್ತಿಕೊಳ್ಳುವ ಅಲ್ಯೂಮಿನಿಯಂ ಸ್ಪೂಲ್, ಮಡಚುವ ಬದಲು ತಿರುಪಿ ಕೂರಿಸುವ ಹ್ಯಾಂಡಲ್. ಅಂಗಡಿಯಲ್ಲಿಯೇ ಹ್ಯಾಂಡಲ್ ಅಲುಗಾಡಿಸಿ, ಬೇಲ್ (ದಾರ ಹಿಡಿಯುವ ಕಂಬಿ) ಹಲವು ಸಲ ತೆರೆದು ಮುಚ್ಚಿ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕ್) ಅರ್ಧ ಬಿಗಿದು ದಾರವನ್ನು ನಿಧಾನವಾಗಿ ಎಳೆದು ನೋಡಿದೆ. ಜರ್ಕ್ ಹೊಡೆಯದೆ ಹೊರಟದ್ದನ್ನೇ ಆರಿಸಿದೆ. ತೂಕ 270 ಗ್ರಾಂ ಇರಬಹುದು. ಐದೂವರೆ ಅಡಿಯ ರಾಡಿಗೆ ಹಾಕಿದಾಗ ಭಾರವೆಲ್ಲ ಅಂಗೈ ಬಳಿಯೇ ನಿಲ್ಲುವುದರಿಂದ ಮಗಳು ಒಮ್ಮೆಯೂ ಕೈನೋವು ಎನ್ನಲಿಲ್ಲ.

ಹ್ಯಾಂಡಲಿನ ಗುಬುಟಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದೆ, ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಆ್ಯಂಟಿ-ರಿವರ್ಸ್ ಕೀಲಿಯನ್ನು ಕದಲದಂತೆ ಟೇಪಿನಿಂದ ಕಟ್ಟಿದೆ. ಬೆರಳು ಕೊಯ್ಯುವ ಬ್ರೇಡ್ (ಹೆಣೆದ ದಾರ) ಬಿಟ್ಟು 12 ಪೌಂಡ್ ಎಳೆತ ತಾಳುವ ಮಾನೊ (ಒಂಟಿ ಎಳೆಯ ದಾರ) ಸುತ್ತಿ, ಕೊಕ್ಕೆಯ ತಕ್ಕಡಿಯಿಂದ ಎಳೆದು, ಒಂದು ಕಿಲೋ ಎಳೆತಕ್ಕೆ ದಾರ ಬಿಡುವಂತೆ ಡ್ರ್ಯಾಗನ್ನು ನಿಲ್ಲಿಸಿದೆ. ರೋಲರಿನ ಬೇರಿಂಗ್ ಕಿತ್ತು, ಲೇತ್‌ನವರಿಂದ ಸುಮಾರು 60 ರೂಪಾಯಿಗೆ ಅದೇ ಜಾಗದಲ್ಲಿ ಕೂರುವ ನೈಲಾನ್ ಬುಷ್ (ಬಳೆಯಂಥ ತುಂಡು) ಮಾಡಿಸಿ ಹಾಕಿದೆ. ಅದಕ್ಕೆ ತುಕ್ಕಿನ ಭಯವಿಲ್ಲ. ನಡುವೆ ಹಳೆಯ ರೀಲೊಂದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದ್ದೆ: ಮೊದಲು ಹಗುರವಾಗಿ ತಿರುಗಿತು, ಆಮೇಲೆ ಧೂಳು ಸೇರಿ ಅಂಟಾಯಿತು. ಉಪ್ಪುನೀರಿಗೆಂದೇ ಇರುವ ಮರೀನ್ ಗ್ರೀಸಿಗೆ ಸಾಟಿಯಿಲ್ಲ. ಮನೆಗೆ ಬಂದೊಡನೆ ಡ್ರ್ಯಾಗ್ ಬಿಗಿದು, ರಭಸವಿಲ್ಲದ ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಸಡಿಲಿಸಿಡುವುದನ್ನು ಮಗಳೇ ಮಾಡುತ್ತಾಳೆ.

ಕಳೆದ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಟ್ರಾಲರುಗಳು ನಿಂತಿದ್ದ ಕಾಲಕ್ಕೆ, ಜುವಾರಿ ನದಿಯಲ್ಲಿ ಅವಳ ಗಾಳಕ್ಕೆ ಎರಡು ಕಿಲೋ ಹತ್ತಿರದ ಚೊಣಕ್ (ಸೀ ಬಾಸ್) ಮೀನು ಬಿತ್ತು. ನಾನು ರಾಡ್ ಮುಟ್ಟಲಿಲ್ಲ. ಡ್ರ್ಯಾಗ್ ಬೇಕಾದಷ್ಟು ದಾರ ಬಿಟ್ಟಿತು, ಅವಳೇ ದಡಕ್ಕೆ ತಂದಳು. ಅಂದು ಅಲ್ಲಿದ್ದ ಇಬ್ಬರು ಗೆಳೆಯರು ತಮ್ಮ ಮಕ್ಕಳಿಗೂ 2500 ಕೊಂಡಿದ್ದಾರೆ. ಬುಷ್ ನಾನೇ ಮಾಡಿಸಿಕೊಟ್ಟೆ. ಡ್ರ್ಯಾಗ್ ವಾಷರಿಗೆ ಹಚ್ಚುವ ನನ್ನ ಮಿಶ್ರಣವನ್ನು ಮಾತ್ರ ಇನ್ನೂ ಯಾರಿಗೂ ಹೇಳಿಲ್ಲ.